ಸಮಯ ವಲಯದ ಹೆಸರು ಕನ್ನಡದಲ್ಲಿ ಬರ್ತಾ ಇಲ್ಲ, ಬರೀ +05:30! ತಲೆ ಕೆಟ್ಟಿದೆ

ಹೊಸನಗರ_ಹುಡುಗ
ಮೂರು ರಾತ್ರಿ ಹಾಳಾಯಿತು. ಯಕ್ಷಗಾನ ಆಟಗಳ ವೇಳಾಪಟ್ಟಿಗೆ ಒಂದು ಪುಟ್ಟ ಆಪ್ ಮಾಡುತ್ತಿದ್ದೇನೆ. ದುಬೈ, ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮೂರಿನವರು ಲೈವ್ ನೋಡುತ್ತಾರೆ. ಸಮಯದ ಪಕ್ಕ "ಭಾರತೀಯ ಪ್ರಮಾಣಿತ ಸಮಯ" ಅಂತ ಕಾಣಬೇಕು. ಫಾರ್ಮ್ಯಾಟ್‌ನಲ್ಲಿ ಚಿಕ್ಕ ಝಡ್ ನಾಲ್ಕು ಸಲ ಹಾಕಿದ್ದೇನೆ (ವಲಯದ ಪೂರ್ತಿ ಹೆಸರಿಗೆ), ಲೋಕೇಲ್, ಅಂದರೆ ಭಾಷೆಯ ಆಯ್ಕೆ, ಕನ್ನಡವೇ. ಟೆಸ್ಟ್‌ನಲ್ಲಿ ಸರಿಯಾಗಿ ಬರುತ್ತದೆ. ಆಪ್‌ನಲ್ಲಿ ಮಾತ್ರ "ರಾತ್ರಿ 9:30 +05:30". ಕೋಡ್ ಒಂದೇ!

ಸಾಗರ_ಜಾವಾ
ಜಾವಾ ಅಂದುಕೊಳ್ಳುತ್ತೇನೆ, ನೀವು ಹೇಳಿಲ್ಲ. ವರ್ಶನ್ ಎಷ್ಟು? 9ರಿಂದ ಸಿಎಲ್‌ಡಿಆರ್ (ಎಲ್ಲಾ ಭಾಷೆಗಳ ದಿನಾಂಕ, ಸಮಯ, ಹೆಸರುಗಳ ಸಂಗ್ರಹ) ಡೇಟಾನೇ ಮೊದಲ ಆಯ್ಕೆ, ಕನ್ನಡ ಹೆಸರು ಅದರಲ್ಲಿದೆ. ಜೆಲಿಂಕ್ ಹಾಕಿ, ಬೇಡದ ಭಾಗ ಬಿಟ್ಟು ಜಾವಾ ರನ್‌ಟೈಮ್ ಸಣ್ಣದು ಮಾಡಿದ್ದೀರಾ? ಹಾಗಿದ್ದರೆ ಈ ಹೆಸರುಗಳಿರುವ ಜೆಡಿಕೆ.ಲೋಕೇಲ್‌ಡೇಟಾ ಮಾಡ್ಯೂಲ್ ಬಿಟ್ಟುಹೋಗಿರುತ್ತದೆ. ನೂರಕ್ಕೆ ನೂರು ಅದೇ.

ಹೊಸನಗರ_ಹುಡುಗ
17. ಜೆಲಿಂಕ್ ಹೌದು, ಎಲ್ಲರೂ ಮಾಡುವುದೇ ಅಲ್ವಾ. ಮಾಡ್ಯೂಲ್ ಸೇರಿಸಿ ನೋಡುತ್ತೇನೆ.

ಹೊಸನಗರ_ಹುಡುಗ
ಸೇರಿಸಿದೆ. ಮತ್ತೆ +05:30.

ಸಾಗರ_ಜಾವಾ
ಜೆಲಿಂಕ್‌ನ ಇಂಕ್ಲೂಡ್-ಲೋಕೇಲ್ಸ್‌ನಲ್ಲಿ ಕನ್ನಡ ಕೊಟ್ಟಿರಾ? ಅದು ಕಟ್ಟಿದ ಹಳೇ ಇಮೇಜ್ ಅಳಿಸಿ ಮತ್ತೆ ಕಟ್ಟಿ. ನನ್ನ ಹತ್ತಿರ 32 ಜಿಬಿ ರ‍್ಯಾಮ್ ಇದೆ, ಎರಡು ನಿಮಿಷದ ಕೆಲಸ.

ಅಡಿಕೆ_ತೋಟ
32 ಜಿಬಿ ಇದ್ದು ಎಂತ ಮಾಡ್ತೀರಿ ಮಾರಾಯ್ರೆ, ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ನನ್ನದು 8 ಜಿಬಿಯ ಹಳೇ ಲ್ಯಾಪ್‌ಟಾಪ್. ಇನ್ವರ್ಟರ್‌ಗೆ ಎರಡು ಬ್ಯಾಟರಿ, ಮೇಲೆ ಸೋಲಾರ್. ಜುಲೈನಲ್ಲೂ ಒಂದು ದಿನ ಕೆಲಸ ನಿಂತಿಲ್ಲ.

ಸಾಗರ_ಜಾವಾ
ಜುಲೈನಲ್ಲಿ ನಮ್ಮ ಕಡೆ ಸೋಲಾರ್! ನಂಬಿದೆ.

ಹೊಸನಗರ_ಹುಡುಗ
ಇಮೇಜ್ ಹೊಸದಾಗಿ ಕಟ್ಟಿದ್ದಾಯಿತು. ನನ್ನ ಲ್ಯಾಪ್‌ಟಾಪ್‌ಗೆ ನಲವತ್ತು ನಿಮಿಷ ಬೇಕಾಯಿತು. ಅದೇ ಕಥೆ.

ತುಂಗಾ_ತೀರ
ಒಂದು ಪ್ರಶ್ನೆ. ಆಟದ ಸಮಯ ಎಲ್ಲಿಂದ ಬರುತ್ತದೆ? ಟೆಸ್ಟ್‌ನಲ್ಲಿ ಹೇಗೆ ಮಾಡಿದಿರಿ?

ಹೊಸನಗರ_ಹುಡುಗ
ಟೆಸ್ಟ್‌ನಲ್ಲಿ ಝೋನ್ ಏಷ್ಯಾ/ಕೋಲ್ಕತ್ತಾ ಅಂತ ನಾನೇ ಕೊಟ್ಟಿದ್ದು. ಆಪ್‌ನಲ್ಲಿ ಸರ್ವರ್‌ನಿಂದ ಸ್ಟ್ರಿಂಗ್ ಬರುತ್ತದೆ, ದಿನಾಂಕ, ಆಮೇಲೆ 21:30:00+05:30 ಹೀಗೆ. ಸುಮ್ನೆ ಪಾರ್ಸ್ ಮಾಡುವುದು. ಅದರಲ್ಲೇನಿದೆ?

ತುಂಗಾ_ತೀರ
ಅದರಲ್ಲೇ ಇರುವುದು ಎಲ್ಲಾ. +05:30 ಊರಲ್ಲ, ಯುಟಿಸಿಯಿಂದ ಬರೀ ವ್ಯತ್ಯಾಸ (ಆಫ್‌ಸೆಟ್). ಶ್ರೀಲಂಕಾದ್ದೂ +05:30. ಯಾರ ಹೆಸರು ಹೇಳಬೇಕು ಅದು? ಝೋನ್ಡ್‌ಡೇಟ್‌ಟೈಮ್ ಪಾರ್ಸ್ ಮಾಡಿದಾಗ ನಿಮ್ಮ ಝೋನ್ ಬರೀ ಝೋನ್‌ಆಫ್‌ಸೆಟ್ ಆಗಿರುತ್ತದೆ. ಅದಕ್ಕೆ ಹೆಸರಿಲ್ಲ, ಝಡ್ ಎಷ್ಟು ಹಾಕಿದರೂ ಅಂಕೆಯನ್ನೇ ಬರೆಯುತ್ತದೆ. ಲೋಕೇಲ್ ಡೇಟಾ ಪಾಪ ಏನೂ ತಪ್ಪು ಮಾಡಿಲ್ಲ. ಗೆಟ್‌ಝೋನ್ ಪ್ರಿಂಟ್ ಮಾಡಿ ನೋಡಿ. ಆಮೇಲೆ ವಿತ್‌ಝೋನ್‌ಸೇಮ್‌ಇನ್‌ಸ್ಟಂಟ್ ಬಳಸಿ ಏಷ್ಯಾ/ಕೋಲ್ಕತ್ತಾಗೆ ತಿರುಗಿಸಿ.

ಮಳೆಕಾಡು
ಸೇಮ್‌ಲೋಕಲ್ ಅಂತ ಇನ್ನೊಂದಿದೆ, ಅದನ್ನು ಮುಟ್ಟಬೇಡಿ. ಅದು ಗಡಿಯಾರದ ಅಂಕೆ ಹಾಗೇ ಇಟ್ಟು ಊರು ಬದಲಿಸುತ್ತದೆ. ದುಬೈಯವರಿಗೆ ಅಲ್ಲಿಯ 9:30 ಅಂತ ಕಾಣುತ್ತದೆ. ನಿಜಕ್ಕೂ ಅಲ್ಲಿ 8 ಗಂಟೆ. ಭಾಗವತರು ಪದ ಶುರು ಮಾಡಿ ಒಂದೂವರೆ ಗಂಟೆ ಆದ ಮೇಲೆ ಇವರು ಲೈವ್ ಹಾಕುತ್ತಾರೆ.

ಹೊಸನಗರ_ಹುಡುಗ
ಬಂತು ಗುರುಗಳೇ!! ಗೆಟ್‌ಝೋನ್ ಬರೀ +05:30 ಅಂತಿತ್ತು. ಈಗ "ಭಾರತೀಯ ಪ್ರಮಾಣಿತ ಸಮಯ", ದುಬೈಗೆ "ಗಲ್ಫ್ ಪ್ರಮಾಣಿತ ಸಮಯ". ಮೂರು ರಾತ್ರಿ ಸುಮ್ನೆ ಹೋಯಿತು.

ಸಾಗರ_ಜಾವಾ
ಮಾಡ್ಯೂಲ್ ಇಲ್ಲದಿದ್ದರೆ ಇದೂ ಬರುತ್ತಿರಲಿಲ್ಲ, ಅದನ್ನೂ ಹೇಳಿ.

ಅಡಿಕೆ_ತೋಟ
"ಪ್ರಮಾಣಿತ ಸಮಯ" ಅಂತ ಯಾರಾದರೂ ಮಾತಾಡುತ್ತಾರಾ? "ಭಾರತೀಯ ಕಾಲಮಾನ" ಅಂದರೆ ಸಾಕಲ್ವಾ? ಮತ್ತೆ ಕೋಲ್ಕತ್ತಾ ಯಾಕೆ, ಶಿವಮೊಗ್ಗ ಹಾಕಬಾರದಾ?

ಮಳೆಕಾಡು
ಕೋಲ್ಕತ್ತಾ ಬರೀ ಗುರುತು, ಜನರಿಗೆ ತೋರಿಸುವುದಕ್ಕಲ್ಲ. ಹಳೇ ಏಷ್ಯಾ/ಕ್ಯಾಲ್ಕಟಾ ಕೊಟ್ಟರೂ ನಡೆಯುತ್ತದೆ. ಕನ್ನಡದ ಹೆಸರು ಇಷ್ಟ ಇಲ್ಲದಿದ್ದರೆ ಸಿಎಲ್‌ಡಿಆರ್‌ನ ಸರ್ವೆ ಟೂಲ್‌ನಲ್ಲಿ ವೋಟ್ ಹಾಕಿ, ಇಲ್ಲಿ ಜಗಳ ಬೇಡ. ಶಿವಮೊಗ್ಗದ ಸಮಯ ಬೇಕೆಂದರೆ ಇನ್ನೊಂದು ತಮಾಷೆ ಇದೆ. ನಮ್ಮ ಗಡಿಯಾರ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ್ದು. ಶಿವಮೊಗ್ಗ ಅಲ್ಲಿಂದ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷ. ಸೂರ್ಯನ ಲೆಕ್ಕದಲ್ಲಿ ನಾವು ಅರ್ಧ ಗಂಟೆ ಹಿಂದೆ.

ಅಡಿಕೆ_ತೋಟ
ಅದಕ್ಕೇ ನನಗೆ ಬೆಳಗ್ಗೆ ಏಳಲಿಕ್ಕೆ ಆಗುವುದಿಲ್ಲ.

ತುಂಗಾ_ತೀರ
ಹುಡುಗರೇ, ಕ್ಯಾಲಿಫೋರ್ನಿಯಾದವರಿಗೂ ಆಫ್‌ಸೆಟ್ ಇಡಬೇಡಿ. ಅಮೆರಿಕ/ಲಾಸ್‌ಏಂಜಲೀಸ್ ಅಂತಲೇ ಇಡಿ. ನಮ್ಮ 9:30 ಅಲ್ಲಿ ಚಳಿಗಾಲಕ್ಕೆ ಬೆಳಗ್ಗೆ 8, ಬೇಸಿಗೆಗೆ 9. ಹೆಸರೂ ಬದಲಾಗುತ್ತದೆ.

ಹೊಸನಗರ_ಹುಡುಗ
ಸರಿ. ಇನ್ನೊಂದು ಕೇಳಲಾ? ಕಾಲಮಿತಿ ಆಟ ಆದರೆ ತೊಂದರೆ ಇಲ್ಲ. ಬೆಳಗಿನವರೆಗಿನ ಆಟಕ್ಕೆ ದಿನಾಂಕ ಯಾವುದು ತೋರಿಸುವುದು? ಶುರು ಶನಿವಾರ, ಮಂಗಳ ಹಾಡುವುದು ಭಾನುವಾರ. ಫಿಲ್ಟರ್‌ನಲ್ಲಿ ಭಾನುವಾರ ಒತ್ತಿದರೆ ಬರುವುದೇ ಇಲ್ಲ.

ಅಡಿಕೆ_ತೋಟ
ಆಟ ಎಲ್ಲಿ? ಪ್ರಸಂಗ ಯಾವುದು?