ಎದೆನೋವಿಗೆ ಬೇರೆ ಕೋಡ್ ಹಾಕಬೇಕೇ?

ಹೊಸಬಳು, ಟಿಳಕವಾಡಿ, ಬೆಳಗಾವಿ
ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಕಾಯಿಲೆಯ ಕೋಡ್ ಹಾಕುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಮೊದಲು ಇಲ್ಲಿಯದೇ ಆಸ್ಪತ್ರೆಯೊಂದರ ದಾಖಲೆ ಕೊಠಡಿಯಲ್ಲಿದ್ದೆ. ನಿನ್ನೆ ರಾತ್ರಿ ಪಾಳಿಯಲ್ಲಿ ಒಂದು ಕಡತ ಆಡಿಟ್‌ನಿಂದ ತಿರುಗಿ ಬಂತು. ರೋಗಿಗೆ 67 ವರ್ಷ, ಹಿಂದೆ ಬೈಪಾಸ್ ಆಗಿದೆ. ಮೆಟ್ಟಿಲು ಹತ್ತಿದರೆ ಎದೆನೋವು, ಕುಳಿತರೆ ಇಳಿಯುತ್ತದೆ. ವೈದ್ಯರು ‘ಸಿಎಡಿ, ಸ್ಟೇಬಲ್ ಆಂಜೈನಾ’ ಎಂದಿದ್ದಾರೆ, ಅಂದರೆ ಹೃದಯದ ರಕ್ತನಾಳದ ಕಾಯಿಲೆ, ಜೊತೆಗೆ ಶ್ರಮಪಟ್ಟಾಗ ಬಂದು ಹೋಗುವ ಎದೆನೋವು. ಐ25.10, ಐ20.9 ಎರಡನ್ನೂ ಹಾಕಿದ್ದೆ. ‘ತಪ್ಪು’ ಎಂದಷ್ಟೇ ಷರಾ. ಎಲ್ಲಿ ಎಡವಿದೆ?

ಹಳೆಯ ಕೋಡರ್, ಬಾಗಲಕೋಟೆ
ತಂಗಿ, ಐ25.10 ಎಂದರೆ ಎದೆನೋವು ಇಲ್ಲದ ರಕ್ತನಾಳದ ಕಾಯಿಲೆ. ಅದರ ಪಕ್ಕದಲ್ಲೇ ಎದೆನೋವಿನ ಕೋಡ್ ಕೂರಿಸಿದರೆ ಕಡತ ಒಂದೇ ಉಸಿರಿನಲ್ಲಿ ಇಲ್ಲ, ಇದೆ ಎರಡನ್ನೂ ಹೇಳುತ್ತದೆ. ಅಮೆರಿಕದವರು ಬಳಸುವ ಕೋಡ್ ಪಟ್ಟಿ ಐಸಿಡಿ-10-ಸಿಎಂನಲ್ಲಿ ಎರಡಕ್ಕೂ ಸೇರಿ ಒಂದೇ ಕೋಡ್. ನೋವಿಗೆ ಬೇರೆ ಕಾರಣವೆಂದು ವೈದ್ಯರು ಬರೆಯದಿದ್ದರೆ ಅದು ಈ ಕಾಯಿಲೆಯದೇ ಎಂದು ಹಿಡಿಯಬೇಕು. ಸ್ಟೇಬಲ್ ಆದರೆ ಐ25.118, ಅನ್‌ಸ್ಟೇಬಲ್ ಆದರೆ ಐ25.110, ಬಗೆ ಬರೆಯದಿದ್ದರೆ ಐ25.119.

ಆದರೆ ಇವೆಲ್ಲ ರೋಗಿಯ ಹುಟ್ಟು ರಕ್ತನಾಳಕ್ಕೆ. ಬೈಪಾಸ್ ಆದವರಲ್ಲಿ ಆಂಜಿಯೋಗ್ರಾಂ ವರದಿ ಓದದೆ ಕೋಡ್ ಹಾಕಲೇಬೇಡ. ನಾನು ಹೊಸದರಲ್ಲಿ ಮೊದಲ ಪುಟ ನೋಡಿ ಮುಗಿಸಿದ್ದೆ. ಎರಡನೆಯ ಪುಟದ ಕೊನೆಯ ಸಾಲಿನಲ್ಲಿ ‘ಎಸ್‌ವಿಜಿ ಟು ಆರ್‌ಸಿಎ 90%’ ಎಂದಿತ್ತು. ಅಂದರೆ ಕಾಲಿನಿಂದ ತೆಗೆದು ಜೋಡಿಸಿದ ನಾಳವೇ ಕಟ್ಟಿಕೊಂಡಿತ್ತು. ಅದಕ್ಕೆ ಸ್ಟೇಬಲ್ ಆಂಜೈನಾ ಜೊತೆಗಿದ್ದರೆ ಐ25.718. ಯಾವ ನಾಳವೆಂದು ಸ್ಪಷ್ಟವಿಲ್ಲದಿದ್ದರೆ ವೈದ್ಯರಿಗೆ ಪ್ರಶ್ನೆ ಕಳುಹಿಸು, ಊಹಿಸಬೇಡ.

ದಾಖಲೆ ವಿಭಾಗ, ವಿಜಯಪುರ
ನಿಮ್ಮ ತಪ್ಪಿನ ಬೇರು ಹಳೆಯ ಕೆಲಸದಲ್ಲಿರಬಹುದು. ನಾವು ಇಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅದರಲ್ಲಿ ಐ25.1 ಅಲ್ಲಿಗೇ ನಿಲ್ಲುತ್ತದೆ, ಎದೆನೋವು ಐ20ರಲ್ಲಿ ಪ್ರತ್ಯೇಕ. ಕೈ ಅದಕ್ಕೇ ಒಗ್ಗಿರುತ್ತದೆ. ಹಳೆಯ ಹೃದಯಾಘಾತದ ಉಲ್ಲೇಖವಿದ್ದರೆ ದಿನಾಂಕ ನೋಡಿ: ನಾಲ್ಕು ವಾರ ದಾಟಿದ್ದರೆ ಐ25.2, ಒಳಗಿದ್ದರೆ ಐ21.

ಹೊಸಬಳು, ಟಿಳಕವಾಡಿ, ಬೆಳಗಾವಿ
ಅಕ್ಕ, ವರದಿ ತೆರೆದೆ. ಜೋಡಿಸಿದ ನಾಳಗಳೆಲ್ಲ ತೆರೆದಿವೆ. ತಡೆ ಇರುವುದು ಹುಟ್ಟು ನಾಳದಲ್ಲಿ. ಐ25.118, ಜೊತೆಗೆ ಬೈಪಾಸ್ ಆಗಿರುವುದಕ್ಕೆ ಜೆಡ್95.1 ಹಾಕಿ ಮರಳಿಸಿದೆ. ಸರ್, ನೀವು ಹೇಳಿದ್ದೂ ನಿಜ. ಕಳೆದ ತಿಂಗಳ ಮೂರು ಕಡತಗಳಲ್ಲಿ ಹೀಗೆಯೇ ಐ20.9 ಬರೆದ ನೆನಪಿದೆ, ಇಂದು ಅವನ್ನೂ ತೆರೆಯುತ್ತೇನೆ.