ಎಪಿಜೆನೆಟಿಕ್ಸ್‌ನ ‘ಎಪಿ’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಆರೋಗ್ಯದ ಬಗ್ಗೆ ಸಣ್ಣದೊಂದು ಬರಹ ಬರೆಯುತ್ತಿದ್ದೆ. ಎಪಿಜೆನೆಟಿಕ್ಸ್ ಅನ್ನೋ ಪದ ಬಂತು, ಕೈ ನಿಂತಿತು.

‘ಎಪಿ’ ಗ್ರೀಕ್ ಮಾತು, ‘ಮೇಲೆ’ ಅಂತ ಅರ್ಥ. 1942ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಈ ಪದ ಕಟ್ಟಿದಾಗ ಡಿಎನ್‌ಎ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಈಗ ಅರ್ಥ ಸ್ವಲ್ಪ ಸರಿದಿದೆ. ಡಿಎನ್‌ಎಯ ಅಕ್ಷರಗಳು ಇದ್ದ ಹಾಗೇ ಇರುತ್ತವೆ. ಅವುಗಳ ಮೇಲೆ ಕೂತ ಗುರುತುಗಳಿಂದ ಒಂದು ಜೀನ್ (ವಂಶವಾಹಿ) ಕೆಲಸ ಮಾಡುತ್ತದೆ, ಇನ್ನೊಂದು ಸುಮ್ನಿರುತ್ತದೆ. ಇದನ್ನು ಅರಿಯುವ ಶಾಸ್ತ್ರವೇ ಎಪಿಜೆನೆಟಿಕ್ಸ್. ಮೀಥೈಲ್ ಅನ್ನೋ ಗುರುತಿನಲ್ಲಿ ಇರುವುದು ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ.

ಮೊದಲು ‘ಪರಾವಂಶವಾಹಿ’ ಅಂತ ಬರೆದು ಹೊಡೆದುಹಾಕಿದೆ. ‘ಪರಾ’ ಅಂದರೆ ಪರಲೋಕ ನೆನಪಾಗುತ್ತದೆ. ಅದಾದರೂ ಪರವಾಗಿಲ್ಲ, ನಿಜವಾದ ತೊಡಕು ‘ವಂಶ’. ವಂಶ ಅಂದ ಕೂಡಲೇ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದದ್ದು ಅಂತಾಗುತ್ತದೆ. ಈ ಗುರುತುಗಳು ಮುಖ್ಯವಾಗಿ ದಾಟುವುದು ಒಂದು ಜೀವಕೋಶದಿಂದ ಅದು ಒಡೆದು ಹುಟ್ಟುವ ಕೋಶಗಳಿಗೆ. ಲಿವರ್‌ನ ಕೋಶ ಒಡೆದರೆ ಲಿವರ್‌ನದೇ ಆಗುವುದಕ್ಕೆ ಇದೂ ಒಂದು ಕಾರಣ. ಹೊಸ ಮಗುವಿನಲ್ಲಿ ಹಳೆಯ ಗುರುತುಗಳು ಬಹುಪಾಲು ಅಳಿಸಿಹೋಗಿ ಹೊಸದಾಗಿ ಮೂಡುತ್ತವೆ.

ನೆದರ್ಲೆಂಡ್ಸ್‌ನ ಉದಾಹರಣೆ ನೋಡಿ. 1944–45ರ ಚಳಿಗಾಲದಲ್ಲಿ ಅಲ್ಲಿ ಊಟಕ್ಕಿಲ್ಲದ ಕಾಲ ಬಂತು. ಆಗ ತಾಯಿಯ ಹೊಟ್ಟೆಯಲ್ಲಿ ಎಳೆ ಪಿಂಡವಾಗಿದ್ದವರನ್ನು ಸುಮಾರು 60 ವರ್ಷದ ಮೇಲೆ ಪರೀಕ್ಷಿಸಿದರು. ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನ್ ಮೇಲೆ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. ಇದನ್ನು ‘ವಂಶದಲ್ಲಿ ಬಂದದ್ದು’ ಅನ್ನೋಕಾಗುತ್ತಾ? ಆ ಹಸಿವು ಅವರಿಗೇ ತಟ್ಟಿತ್ತು.

ಇನ್ನೊಂದು ಪದ ‘ಜೀನ್ ಅಭಿವ್ಯಕ್ತಿ’, ಅಂದರೆ ಜೀನ್ ಕೆಲಸ ಮಾಡುವುದು. ಜೀನ್ ಕವಿತೆ ಓದಲು ವೇದಿಕೆ ಹತ್ತಿದ ಹಾಗೆ ಕೇಳುತ್ತದೆ, ಅಲ್ವಾ? ‘ಜೀನ್ ಎದ್ದಿದೆ, ಮಲಗಿದೆ’ ಅಂದರೆ ಸಾಕು ಅನ್ನಿಸುತ್ತದೆ ನನಗೆ. ಕ್ಯಾನ್ಸರ್ ವಿಷಯದಲ್ಲಂತೂ ಈ ಮಾತು ಬೇಕೇ ಬೇಕು. ಗಡ್ಡೆಯನ್ನು ತಡೆಯಬೇಕಾದ ಜೀನ್ ಕೆಲವೊಮ್ಮೆ ಕೆಟ್ಟಿರುವುದಿಲ್ಲ, ಮೇಲೆ ಮೀಥೈಲ್ ಗುರುತು ಕೂತು ಮಲಗಿರುತ್ತದೆ. ಮಲಗಿದ್ದನ್ನು ಎಬ್ಬಿಸಬಹುದು. ಎಲುಬಿನ ಮಜ್ಜೆಯ ಒಂದು ಬಗೆಯ ಕಾಯಿಲೆಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಜಾಸೈಟಿಡಿನ್ ಅನ್ನೋ ಔಷಧ, ಕೋಶ ಒಡೆಯುವಾಗ ಮೀಥೈಲ್ ಗುರುತು ಮತ್ತೆ ಕೂರದಂತೆ ತಡೆಯುತ್ತದೆ.

ಹಾಗಾಗಿ ಶಾಸ್ತ್ರದ ಹೆಸರು ಎಪಿಜೆನೆಟಿಕ್ಸ್ ಅಂತಲೇ ಇರಲಿ, ಗುರುತಿಗೆ ಮಾತ್ರ ‘ಮೇಲ್ಗುರುತು’ ಅನ್ನೋಣ ಅಂತಿದ್ದೇನೆ. ‘ಮೇಲ್ವಿಚಾರಣೆ’ಯಲ್ಲಿರುವ ‘ಮೇಲ್’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ‘ಮೇಲ್ದರ್ಜೆ’ಯ ‘ಮೇಲ್’ ಅಂತ ಯಾರಾದರೂ ಓದಿಕೊಂಡರೆ ಅನ್ನೋ ಅಳುಕು ಇದೆ.

ಕ್ರಿಯಾಪದವೂ ಕೂತಿಲ್ಲ. ಮೇಲ್ಗುರುತು ‘ಬೀಳುತ್ತದೆ’ ಅಂದರೆ ತಾನಾಗಿ ಆದ ಕಲೆಯ ಹಾಗೆ. ‘ಹಾಕುತ್ತದೆ’ ಅಂದರೆ ಯಾರು ಹಾಕಿದ್ದು ಅಂತ ಹೇಳಬೇಕು. ಹಾಕುವುದು ಕಿಣ್ವಗಳು, ಆದರೆ ಪ್ರತಿ ಸಾಲಿನಲ್ಲೂ ಅವನ್ನು ಎಳೆದು ತರೋದು ಹೇಗೆ? ನೀವಾದರೆ ಏನು ಬರೆಯುತ್ತೀರಿ?