ನುಡಿ ಫೈಲ್ ಲಿಬ್ರೆಆಫೀಸ್‌ನಾಗ ತೆರದ್ರ ಕನ್ನಡ ಕಾಣವಲ್ದು

ಧಾರವಾಡ ಡಿಟಿಪಿ:
ಕೋರ್ಟ್ ಕಾಗದಪತ್ರ ಹೊಡೆಯೋ ಟೈಪಿಂಗ್ ಅಂಗಡಿರಿ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ನಿಂತೈತಿ, ಇರೋ ಮಶೀನಿಗೆ 11 ಹತ್ತೂದಿಲ್ಲ. 4 ಜಿಬಿ ರ‍್ಯಾಮಿನ ಒಂದಕ್ಕ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ ಹಾಕೇವಿ, ಇದು ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಸಿಸ್ಟಮ್. ಹಳೇ ಅರ್ಜಿ, ಕರಾರುಪತ್ರ ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದೊಳಗ ಹೊಡೆದ ಡಾಕ್ ಫೈಲ್. ಲಿಬ್ರೆಆಫೀಸ್ ರೈಟರ್‌ನಾಗ (ವರ್ಡ್ ಥರದ್ದು) ತೆರದ್ರ ಬರೇ ಇಂಗ್ಲಿಷ್ ಅಕ್ಷರ, ತಲಿ ಮ್ಯಾಲೆ ಗೀಟು. ಫೈಲ್ ಕೆಟ್ಟಾವೇನ್ರಿ? ಕೈ ನುಡಿ ಕೀಲಿಮಣೆಗೆ ಕುಂತೈತಿ, ಅದು ಇಲ್ಲಿ ಸಿಗತೈತೇನು?

ಗದಗ ಲಿನಕ್ಸ್:
ಫೈಲ್ ಕೆಟ್ಟಿಲ್ರಿ. ಹಳೇ ನುಡಿ ಆಸ್ಕಿ ಫಾಂಟು. ಫೈಲ್‌ನೊಳಗ ಇರೂದು ಇಂಗ್ಲಿಷ್ ಕೋಡ್, ಅದಕ್ಕ ಕನ್ನಡದ ಆಕಾರ ಕೊಡೂದು ಫಾಂಟ್. ‘ಕನ್ನಡ’ ಅಂತ ನೀವು ಹೊಡೆದದ್ದು ಅಲ್ಲಿ ದೊಡ್ಡ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕಡೀಕ ಇನ್ನೊಂದು ಗೀಟಿನ ಎ ಆಗಿ ಕುಂತಿರತೈತಿ. ಫಾಂಟ್ ಇಲ್ಲದ ಮಶೀನಿನ್ಯಾಗ ಅವೇ ಕಾಣತಾವು.

ಉಳಿದ ಎರಡು ಮಶೀನ್ ಫಾರ್ಮ್ಯಾಟ್ ಮಾಡೂಕಿಂತ ಮೊದಲು ಸಿ ಡ್ರೈವಿನ ವಿಂಡೋಸ್, ಅದರೊಳಗ ಫಾಂಟ್ಸ್ ಫೋಲ್ಡರಿಗೆ ಹೋಗಿ ನುಡಿ ಹೆಸರಿನ ಟಿಟಿಎಫ್ ಫೈಲ್ ಎಲ್ಲಾ ಪೆನ್‌ಡ್ರೈವಿಗೆ ತಗೋರಿ. ಮಿಂಟ್‌ನಾಗ ಹೋಮ್ ಫೋಲ್ಡರ್ ತೆರದು ಕಂಟ್ರೋಲ್ ಎಚ್ ಒತ್ರಿ, ಅಡಗಿದ ಫೋಲ್ಡರ್ ಕಾಣತಾವು. ಮುಂದ ಚುಕ್ಕಿ ಇಟ್ಟು ಫಾಂಟ್ಸ್ ಅಂತ ಇಂಗ್ಲಿಷ್ ಸಣ್ಣಕ್ಷರದಾಗ ಫೋಲ್ಡರ್ ಮಾಡಿ ಅದರಾಗ ಹಾಕ್ರಿ. ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೀರಿ.

ಇಷ್ಟಾದ ಮ್ಯಾಲೆ ಓದಾಕ ಬರತೈತಿ, ಆದ್ರ ತಿದ್ದಾಕ ಕೈ ಹಾಕೂಕಿಂತ ಮೊದಲು ಟೂಲ್ಸ್‌ನಾಗ ಆಟೊಕರೆಕ್ಟ್ ಆಪ್ಶನ್ಸ್ ತೆರದು ವಾಕ್ಯದ ಮೊದಲಕ್ಷರ ದೊಡ್ಡದು ಮಾಡೋ ಟಿಕ್ ತಗೀರಿ. ನುಡಿಯೊಳಗ ಸಣ್ಣ ಕ್ಯೂ ಅಂದ್ರ ‘ಡ’, ದೊಡ್ಡ ಕ್ಯೂ ಅಂದ್ರ ‘ಕಿ’. ಆ ಟಿಕ್ ಬಿಟ್ರ ವಾಕ್ಯದ ಮೊದಲಿನ ‘ಡ’ ತಾನಾಗೇ ‘ಕಿ’ ಆಗತೈತಿ, ಕೋರ್ಟಿಗೆ ಹೋಗೋ ಕಾಗದದಾಗ ಇದು ಸಣ್ಣ ತಪ್ಪಲ್ಲ. ಉದ್ಧರಣ ಚಿಹ್ನೆ ಬದಲಿಸೋ ಟಿಕ್ಕೂ ತಗೀರಿ.

ಕೀಲಿಮಣೆ ಐತ್ರಿ. ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ ಟ್ಯಾಬ್. ‘ಯೂಸ್ ಸಿಸ್ಟಮ್ ಡಿಫಾಲ್ಟ್ಸ್’ ಆಫ್ ಮಾಡದ ಹೊರತು ಆಡ್ ಬಟನ್ ಹತ್ತೂದಿಲ್ಲ, ಬಾಳ ಮಂದಿ ಇಲ್ಲೇ ನಿಲ್ಲತಾರ. ಆಮ್ಯಾಲೆ ಪಟ್ಟಿಯೊಳಗ ‘ಕನ್ನಡ (ಕಗಪ, ಫೊನೆಟಿಕ್)’ ಅನ್ನೋದನ್ನ ಆರಿಸ್ರಿ, ನುಡಿ ಕೀಲಿಮಣೆಯ ಜೋಡಣೆನೇ ಕಗಪ. ಒತ್ತಕ್ಷರಕ್ಕ ಎಫ್ ಒತ್ತೋ ರೂಢಿ ಇಲ್ಲೂ ನಡೀತೈತಿ. ಇದು ಯೂನಿಕೋಡ್ (ಕನ್ನಡ ಅಕ್ಷರಕ್ಕ ತನ್ನದೇ ಕೋಡ್ ಇರೋ ಪದ್ಧತಿ) ಬರೀತೈತಿ, ನುಡಿ ಆಸ್ಕಿ ಅಲ್ಲ. ಹಂಗಾಗಿ ಹಳೇ ಫೈಲಿನ ನಡುವ ಇದರಿಂದ ತಿದ್ದಬ್ಯಾಡ್ರಿ, ಒಂದೇ ಸಾಲಿನ್ಯಾಗ ಎರಡು ಜಾತಿ ಕನ್ನಡ ಕೂಡಿಬಿಡತಾವು.

ದಿನಾ ಬಳಸೋ ನಮೂನೆಗಳನ್ನ ಆಸ್ಕಿ-ಯೂನಿಕೋಡ್ ಪರಿವರ್ತಕದಾಗ ಹಾಕಿ ಒಮ್ಮೆ ಬದಲಿಸ್ಕೋರಿ. ನಡುವ ಇರೋ ಇಂಗ್ಲಿಷ್ ಹೆಸರು, ಕಾಯ್ದೆ ಹೆಸರು ಸೇರಿಸಿ ಕೊಟ್ರ ಅವೂ ಅರ್ಥವಿಲ್ಲದ ಕನ್ನಡ ಆಗತಾವು, ಬಿಟ್ಟು ಕೊಡ್ರಿ. ಅರ್ಕಾವತ್ತು ಇರೋ ಪದ ಕಣ್ಣಿಟ್ಟು ನೋಡ್ರಿ: ನುಡಿಯೊಳಗ ‘ಅರ್ಜಿ’ಯ ಅರ್ಕಾವತ್ತು ‘ಜಿ’ ಆದ ಮ್ಯಾಲೆ ಬರತೈತಿ, ಯೂನಿಕೋಡ್‌ನಾಗ ‘ರ್’ ಮೊದಲು. ಪರಿವರ್ತಕ ಇದನ್ನ ತಿರುಗಿಸಿ ಜೋಡಿಸಬೇಕು, ಎಡವಿದ್ರ ಇಲ್ಲೇ ಎಡವತೈತಿ. ಹಳೇ ಡಾಕ್ ಫೈಲ್ ಅಳಿಸಬ್ಯಾಡ್ರಿ.

ಧಾರವಾಡ ಡಿಟಿಪಿ:
ಫಾಂಟ್ ಹಾಕಿದ ಕೂಡಲೇ ಸರಿ ಬಂತ್ರಿ. ಕಗಪನೂ ಹತ್ತಿತು. ಆದ್ರ ಯೂನಿಕೋಡಿಗೆ ಬದಲಿಸಿದ ಕರಾರುಪತ್ರ ಎರಡು ಪುಟ ಇದ್ದದ್ದು ಮೂರಾಗೈತಿ. ಸ್ಟೈಲ್‌ನಾಗ ಫಾಂಟ್ 12 ಅಂತ ಕೊಟ್ರೂ ಕನ್ನಡ ಬದಲಾಗವಲ್ದು, ಇಂಗ್ಲಿಷ್ ಅಷ್ಟೇ ಬದಲಾಗತೈತಿ.

ಹಾವೇರಿ ಓಪನ್‌ಸೋರ್ಸ್:
ಲಿಬ್ರೆಆಫೀಸ್ ಕನ್ನಡಕ್ಕೂ ಇಂಗ್ಲಿಷಿಗೂ ಬ್ಯಾರೆ ಬ್ಯಾರೆ ಫಾಂಟ್, ಬ್ಯಾರೆ ಬ್ಯಾರೆ ಅಳತೆ ಇಟ್ಟಿರತೈತಿ ಸರ್. ಟೂಲ್ಸ್, ಆಪ್ಶನ್ಸ್‌ನಾಗ ಲ್ಯಾಂಗ್ವೇಜ್ ವಿಭಾಗಕ್ಕ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಸಿಟಿಎಲ್, ಕನ್ನಡದಂಥ ಲಿಪಿಗಳ ಜೋಡಣೆ) ಟಿಕ್ ಮಾಡಿ ಕನ್ನಡ ಆರಿಸ್ರಿ. ಎಫ್11 ಒತ್ತಿ ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತಿದ್ದಾಕ ತೆರೀರಿ. ಫಾಂಟ್ ಟ್ಯಾಬಿನ್ಯಾಗ ಕಾಂಪ್ಲೆಕ್ಸ್ ಅಥವಾ ಸಿಟಿಎಲ್ ಅಂತ ಇರೋ ಭಾಗದಾಗ ನೋಟೊ ಸ್ಯಾನ್ಸ್ ಕನ್ನಡ ಅಥವಾ ಗುಬ್ಬಿ ಕೊಟ್ಟು ಅಳತೆ 12 ಮಾಡ್ರಿ.

ಪುಟ ಹೆಚ್ಚಾಗೂದು ಸಾಲಿನ ಎತ್ತರದಿಂದ. ಒತ್ತಕ್ಷರ ಹಿಡಿಸಾಕ ಯೂನಿಕೋಡ್ ಫಾಂಟು ಮ್ಯಾಲೆ-ಕೆಳಗ ಜಾಗ ಜಾಸ್ತಿ ಇಟ್ಟಿರತಾವು. ಪ್ಯಾರಾಗ್ರಾಫಿನ ಲೈನ್ ಸ್ಪೇಸಿಂಗ್ ‘ಫಿಕ್ಸ್ಡ್’ ಮಾಡಿ 20 ಪಾಯಿಂಟ್ ಕೊಡ್ರಿ. ಡಬ್ಬಿಯೊಳಗ ಸೆಂಟಿಮೀಟರ್ ಕಂಡ್ರೂ 20ರ ಮುಂದ ಪಿಟಿ ಅಂತ ಇಂಗ್ಲಿಷ್‌ನಾಗ ಹೊಡೆದ್ರ ತಗೋತೈತಿ. ಒಂದು ಪುಟ ಪ್ರಿಂಟ್ ತಗದು ‘ಶಾಸ್ತ್ರ’, ‘ರಾಷ್ಟ್ರ’ದಂಥ ಪದದ ಬುಡ ಕತ್ತರಿಸೇತೇನು ನೋಡ್ರಿ. ಕತ್ತರಿಸಿದ್ರ 21, 22 ಅಂತ ಒಂದೊಂದೇ ಏರಿಸ್ರಿ.

ವಕೀಲರಿಗೆ ಬರೇ ಓದಾಕ ಕೊಡೂದಿದ್ರ ಪಿಡಿಎಫ್ ಮಾಡಿ ಕೊಡ್ರಿ, ಫಾಂಟ್ ಅದರೊಳಗೇ ಹೋಗತೈತಿ. ಅವರು ತಿದ್ದೂದಿದ್ರ ಡಾಕ್ಸ್ ಮಾಡಿ ಕೊಡ್ರಿ, ನೀವು ಬಳಸಿದ ಫಾಂಟ್ ಅವರ ಮಶೀನಿಗೂ ಹಾಕಿಸ್ರಿ, ಇಲ್ಲಂದ್ರ ಪುಟ ಅಲ್ಲಿ ಮತ್ತ ಏರುಪೇರು. ಬೆರಳಚ್ಚು ಸಾಧನ ಇಟ್ಟಿದ್ರ ಅದರ ಆರ್‌ಡಿ ಸರ್ವಿಸ್ (ಆಧಾರ್ ಬೆರಳಚ್ಚಿಗೆ ಬೇಕಾಗೋ ತಂತ್ರಾಂಶ) ಲಿನಕ್ಸಿಗೆ ಬರತೈತೇನು ಕೇಳಿಕೊಂಡ ಮ್ಯಾಲೇನೇ ಆ ಮಶೀನ್ ಬದಲಿಸ್ರಿ.